ಒಂದು ಒಂಟೆ, ಒಂದು ಕಾಲಾಳು ಹೆಚ್ಚಿದ್ದೂ ಡ್ರಾ: ಬಸವನಗುಡಿ ಪಂದ್ಯದ 61ನೇ ನಡೆ

ಮೂಲೆಮನೆ ಬರೆದದ್ದು:

ಬಸವನಗುಡಿಯಲ್ಲಿ ಕಳೆದ ವಾರಾಂತ್ಯ ನಡೆದ ಚೆಸ್ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಎಲ್ಲಕ್ಕಿಂತ ತಡವಾಗಿ ಮುಗಿದ ಆಟದ ಅಂತ್ಯಭಾಗವನ್ನು, ಇಬ್ಬರೂ ಆಟಗಾರರ ಒಪ್ಪಿಗೆ ಪಡೆದು, ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಬಿಳಿ ಕಾಯಿ ಆಡಿದವರು ಬ್ಯಾಂಕ್ ಉದ್ಯೋಗದಲ್ಲಿರುವ ಹಿರಿಯರು. ಕಪ್ಪು ಕಾಯಿ ಆಡಿದವನು ದ್ವಿತೀಯ ಪಿಯುಸಿ ವಿದ್ಯಾರ್ಥಿ. ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ ಇದ್ದ ಆಟವಾದ್ದರಿಂದ ಇಬ್ಬರೂ ಕೊನೆಯವರೆಗೆ ನಡೆಗಳನ್ನು ಬರೆದಿದ್ದಾರೆ.

60 ನಡೆಗಳ ಬಳಿಕ ಹಲಗೆಯ ಮೇಲೆ ಉಳಿದಿದ್ದ ಕಾಯಿಗಳು ಆರೇ. ಬಿಳಿಯ ರಾಜ ಎಫ್4ರಲ್ಲಿ (ಅಂದರೆ ಎಫ್ ಸಾಲಿನ ನಾಲ್ಕನೇ ಮನೆಯಲ್ಲಿ), ಒಂಟೆ ಡಿ3ರಲ್ಲಿ, ಕಾಲಾಳುಗಳು ಜಿ4 ಮತ್ತು ಎಚ್4ರಲ್ಲಿ. ಕಪ್ಪಿನ ರಾಜ ಜಿ7ರಲ್ಲಿ, ಕುದುರೆ ಎಫ್6ರಲ್ಲಿ. ನಡೆ ಬಿಳಿಯದು. ಹಿರಿಯರು 61ನೇ ನಡೆಯಾಗಿ ಎಚ್ ಸಾಲಿನ ಕಾಲಾಳನ್ನು ಎಚ್5ಕ್ಕೆ ನೂಕಿದರು. ಹುಡುಗ ಕುದುರೆಯಿಂದ ಜಿ4ರ ಕಾಲಾಳನ್ನು ಹೊಡೆದು, ಗಡಿಯಾರ ಒತ್ತುವ ಮೊದಲು ಡ್ರಾ ಕೇಳಿದ. ಹಿರಿಯರು ಒಪ್ಪದೆ ರಾಜನಿಂದ ಕುದುರೆಯನ್ನು ಹೊಡೆದರು. ಮುಂದೆ ಕಪ್ಪಿನ ರಾಜ ಎಚ್8ಕ್ಕೆ ಹೋಯಿತು. ಉಳಿದ ನಡೆಗಳು, ಮೊದಲು ಬಿಳಿಯದು, ಆಮೇಲೆ ಕಪ್ಪಿನದು: 63. ರಾಜ ಜಿ5, ರಾಜ ಜಿ7, 64. ಎಚ್6 ಚೆಕ್, ರಾಜ ಎಚ್8; 65. ರಾಜ ಜಿ6, ರಾಜ ಜಿ8, 66. ಒಂಟೆ ಸಿ4 ಚೆಕ್, ರಾಜ ಎಚ್8, 67. ಎಚ್7, ಸ್ಟೇಲ್‌ಮೇಟ್, ಅಂದರೆ ಕಪ್ಪಿಗೆ ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ.

ಸುತ್ತ ನಿಂತವರಲ್ಲಿ ಅರ್ಧ ಜನ ಬಿಳಿ ಗೆದ್ದಿತು ಎಂದೇ ಭಾವಿಸಿದ್ದರು. ಉಳಿದವರು ಕುದುರೆ ಹೋದ ಕ್ಷಣದಲ್ಲೇ ಬ್ಯಾಗ್ ಎತ್ತಿಕೊಂಡಿದ್ದರು. ನನ್ನ ಪ್ರಶ್ನೆ ಇಷ್ಟು: ಅರ್ಧ ಅಂಕ ಕೈತಪ್ಪಿದ್ದು 61ನೇ ನಡೆಯಲ್ಲೋ, ಅದಕ್ಕೂ ಮೊದಲೋ?

ರಾಜಾಜಿನಗರದ ಪೋಷಕಿ ಬರೆದದ್ದು:

ಬಿಳಿ ಗೆದ್ದಿತು ಎಂದು ಭಾವಿಸಿದವರಲ್ಲಿ ನಾನೂ ಒಬ್ಬಳು. ನನ್ನ ಮಗಳು ಅದೇ ಸಭಾಂಗಣದಲ್ಲಿ ಆಡುತ್ತಿದ್ದಳು. ಎದುರಾಳಿಯ ರಾಜನಿಗೆ ಹೆಜ್ಜೆ ಇಡಲು ಒಂದು ಮನೆಯೂ ಇಲ್ಲ, ಬಿಳಿಯ ಬಳಿ ಒಂಟೆಯೂ ಇದೆ, ರಾಣಿಯಾಗಲು ಒಂದೇ ಹೆಜ್ಜೆ ದೂರದಲ್ಲಿ ಕಾಲಾಳೂ ಇದೆ; ಹಾಗಿದ್ದೂ ಇಬ್ಬರಿಗೂ ಸಮಾನ ಅಂಕ ಕೊಡುವುದು ನ್ಯಾಯವೇ? ಆಟ ಬಲ್ಲವರು ದಯವಿಟ್ಟು ವಿವರಿಸಬೇಕು.

ಮೂಲೆಮನೆ ಬರೆದದ್ದು:

ಮೇಡಂ, ನಿಯಮ ಸ್ಪಷ್ಟವಾಗಿದೆ: ಯಾರ ಸರದಿಯೋ ಅವರಿಗೆ ನಿಯಮಬದ್ಧವಾದ ಒಂದು ನಡೆಯೂ ಇಲ್ಲದಿದ್ದು, ಅವರ ರಾಜ ಚೆಕ್‌ನಲ್ಲೂ ಇಲ್ಲದಿದ್ದರೆ ಆಟ ಅಲ್ಲಿಗೇ ಡ್ರಾ. ನ್ಯಾಯದ ಪ್ರಶ್ನೆ ಹಳೆಯದು. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಎದುರಾಳಿಯನ್ನು ಹೀಗೆ ಕಟ್ಟಿಹಾಕಿದವನೇ ಸೋತಂತೆ ಎಂದು ಲೆಕ್ಕ ಹಾಕುತ್ತಿದ್ದರು. 19ನೇ ಶತಮಾನದ ಆರಂಭದಲ್ಲಷ್ಟೇ ಅಲ್ಲಿ ಈಗಿನ ನಿಯಮ ನೆಲೆಗೊಂಡಿತು. ಆ ಕಾಲದಲ್ಲಿ ಈ ಆಟ ನಡೆದಿದ್ದರೆ ನಮ್ಮ ಹಿರಿಯರಿಗೆ ಅರ್ಧ ಅಂಕವೂ ಸಿಗುತ್ತಿರಲಿಲ್ಲ.

ಆದರೆ ಇಲ್ಲಿ ಸ್ಟೇಲ್‌ಮೇಟ್ ಕೊನೆಯ ಔಪಚಾರಿಕತೆ ಮಾತ್ರ. ವಿಷಯ ಇರುವುದು ಮೂಲೆಯ ಮನೆಯ ಬಣ್ಣದಲ್ಲಿ. ಎಚ್ ಸಾಲಿನ ಕಾಲಾಳು ರಾಣಿಯಾಗುವ ಮನೆ ಎಚ್8, ಅದು ಕಪ್ಪು ಮನೆ. ಬಿಳಿಯ ಬಳಿ ಉಳಿದಿದ್ದ ಒಂಟೆ ಬಿಳಿ ಮನೆಗಳಲ್ಲಿ ಮಾತ್ರ ಓಡಾಡುವಂಥದ್ದು. ಕಪ್ಪಿನ ರಾಜ ಆ ಮೂಲೆಗೆ ಒಮ್ಮೆ ಸೇರಿಕೊಂಡರೆ ಅದನ್ನು ಅಲ್ಲಿಂದ ಎಬ್ಬಿಸಲು ಆ ಒಂಟೆಗೆ ಜನ್ಮದಲ್ಲಿ ಸಾಧ್ಯವಿಲ್ಲ. ಬಿಗಿ ಮಾಡಿದರೆ ಸ್ಟೇಲ್‌ಮೇಟ್, ಸಡಿಲ ಬಿಟ್ಟರೆ ರಾಜ ಎಚ್8, ಜಿ8, ಜಿ7ರ ನಡುವೆ ಓಡಾಡಿಕೊಂಡಿರುತ್ತದೆ. ಅದೇ ಸ್ಥಿತಿಯಲ್ಲಿ ಒಂಟೆ ಕಪ್ಪು ಮನೆಯದಾಗಿದ್ದರೆ, ಅಥವಾ ಕಾಲಾಳು ಜಿ ಸಾಲಿನಲ್ಲಿದ್ದರೆ, ಬಿಳಿಗೆ ಗೆಲುವು ಸುಲಭ.

ಗಾಂಧಿಬಜಾರ್ ಓದುಗ ಬರೆದದ್ದು:

ಹಾಗಾದರೆ 61. ಎಚ್5 ಆಟವನ್ನು ಕೈಬಿಟ್ಟ ನಡೆ ಎಂದು ನೇರವಾಗಿಯೇ ಹೇಳಬಹುದು. ಆ ನಡೆಯ ನಂತರ ಕಪ್ಪಿಗೆ ಡ್ರಾ ಮಾಡಿಕೊಳ್ಳಲು ಒಂದಲ್ಲ, ಎರಡು ದಾರಿಗಳು ತೆರೆದುಕೊಂಡವು. ಕುದುರೆ ಜಿ4ನ್ನು ಹೊಡೆದು ಸತ್ತರೆ ಉಳಿಯುವುದು ಎಚ್ ಸಾಲಿನ ಕಾಲಾಳು. ಕುದುರೆ ಎಚ್5ನ್ನು ಚೆಕ್ ಸಹಿತ ಹೊಡೆದು, ಜಿ ಕಾಲಾಳು ಅದನ್ನು ತಿರುಗಿ ಹೊಡೆದರೂ ಉಳಿಯುವುದು ಮತ್ತೆ ಎಚ್ ಸಾಲಿನ ಕಾಲಾಳೇ. ಎರಡೂ ಕಡೆ ಅದೇ ಮೂಲೆ, ಅದೇ ಬಣ್ಣ.

ಆ ಸ್ಥಿತಿಯಲ್ಲಿ ಗೆಲುವಿನ ಆಸೆ ಉಳಿಸುವ ನಡೆ ಒಂದೇ ಇತ್ತು, ಅದು 61. ಜಿ5. ಬೇರೆ ಏನೇ ಆಡಿದರೂ ಕುದುರೆ ಜಿ4ನ್ನು ಹೊಡೆದುಬಿಡುತ್ತದೆ. ಜಿ5ರ ನಂತರ ಎಚ್4ರ ಕಾಲಾಳು ಜಿ5ಕ್ಕೆ ಬೆನ್ನೆಲುಬಾಗಿ ನಿಲ್ಲುತ್ತದೆ. ಕುದುರೆ ಜಿ5ನ್ನು ಹೊಡೆದರೆ ಎಚ್ ಕಾಲಾಳು ಅದನ್ನು ತಿರುಗಿ ಹೊಡೆದು ತಾನೇ ಜಿ ಸಾಲಿಗೆ ಬರುತ್ತದೆ. ಕುದುರೆಯನ್ನು ಎಚ್4ಕ್ಕೆ ಕೊಟ್ಟರೆ ಉಳಿಯುವುದೂ ಜಿ ಕಾಲಾಳು. ಇನ್ನು 61. ಜಿ5ಕ್ಕೆ ಸಹಜವಾಗಿ ಕೈಗೆ ಬರುವ ಉತ್ತರ, ಕುದುರೆ ಎಚ್5 ಚೆಕ್, ಸೋಲಿನ ದಾರಿ. ಬಿಳಿಯ ರಾಜ ಜಿ4ಕ್ಕೆ ಬಂದರೆ ಕುದುರೆಗೆ ತಪ್ಪಿಸಿಕೊಳ್ಳಲು ಒಂದು ಮನೆಯೂ ಇಲ್ಲ, ಅದರ ನೆರವಿಗೆ ರಾಜ ಬರಬೇಕಾದ ಜಿ6ನ್ನು ಒಂಟೆಯೂ ಎಚ್6ನ್ನು ಕಾಲಾಳೂ ಕಾಯುತ್ತಿವೆ. ಕುದುರೆ ಡಿ5ಕ್ಕೆ ಚೆಕ್ ಕೊಟ್ಟು ಹೊರಬಿದ್ದರೆ ಬಿಳಿಯವರು ಇನ್ನೂ ಬೆವರು ಸುರಿಸಬೇಕಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಕುದುರೆಯನ್ನು ಬಲಿಕೊಟ್ಟು ಪಾರಾಗುವ ಬಾಗಿಲು ಮುಚ್ಚಿರುತ್ತಿತ್ತು.

ಹಳೇ ಆಟಗಾರ ಬರೆದದ್ದು:

ವಿಶ್ಲೇಷಣೆ ಸೊಗಸಾಗಿದೆ. ನನಗೆ ಬೇಸರ ತಂದದ್ದು ಬೇರೆ. ಹುಡುಗ ಸರಿಯಾದ ರೀತಿಯಲ್ಲಿ, ಸರಿಯಾದ ಸಮಯದಲ್ಲಿ ಡ್ರಾ ಕೇಳಿದ್ದಾನೆ. ಸ್ಥಿತಿ ಶುದ್ಧ ಡ್ರಾ ಎಂಬುದು ಪುಸ್ತಕ ಓದಿದ ಯಾರಿಗೂ ಗೊತ್ತಿರುವ ವಿಷಯ. ಅದನ್ನು ನಿರಾಕರಿಸಿ, ಇನ್ನೂ ಐದಾರು ನಡೆ ಆಡಿಸಿ, ಕೊನೆಗೆ ಸ್ಟೇಲ್‌ಮೇಟ್‌ವರೆಗೆ ಎಳೆದದ್ದು ಹಿರಿಯರಿಗೆ ಶೋಭಿಸುವುದಿಲ್ಲ. ನಮ್ಮ ಕಾಲದಲ್ಲಿ ಕೈಕುಲುಕಿ ಎದ್ದುಬಿಡುತ್ತಿದ್ದೆವು.

ಮಲ್ಲೇಶ್ವರ 8ನೇ ಅಡ್ಡರಸ್ತೆ ಬರೆದದ್ದು:

ಸರ್, ಈ ಮಾತನ್ನು ನಾನು ಒಪ್ಪಲಾರೆ. ಸ್ಥಿತಿ ಡ್ರಾ ಆಗಿರುವುದು ಬೇರೆ, ಆಟಗಾರ ಅದನ್ನು ಡ್ರಾ ಮಾಡಿ ತೋರಿಸುವುದು ಬೇರೆ. 62ನೇ ನಡೆಯ ನಂತರ ಹುಡುಗ ಎಡವಲು ಜಾಗವೇ ಇರಲಿಲ್ಲ ಎನ್ನುವುದು ಸುಳ್ಳು. 64ರಲ್ಲಿ ಕಾಲಾಳು ಎಚ್6ಕ್ಕೆ ಬಂದು ಚೆಕ್ ಕೊಟ್ಟಾಗ ಅವನು ರಾಜನನ್ನು ಎಫ್7ಕ್ಕೆ ಇಟ್ಟಿದ್ದರೆ ಬಿಳಿಯ ಒಂಟೆ ಎಚ್7ಕ್ಕೆ ಹೋಗಿ ಜಿ8ನ್ನು ಮುಚ್ಚುತ್ತಿತ್ತು, ಜಿ7ನ್ನು ಕಾಲಾಳೇ ಕಾಯುತ್ತಿತ್ತು, ಮೂಲೆಯ ಬಾಗಿಲು ಅಲ್ಲಿಗೆ ಮುಚ್ಚಿಹೋಗುತ್ತಿತ್ತು. ಅಲ್ಲಿಂದ ಮುಂದೆ ಕಪ್ಪಿನ ರಾಜ ಎಫ್8ಕ್ಕೆ ಹೋದರೆ ಬಿಳಿಯ ರಾಜ ಎಫ್6, ಅದು ಇ8ಕ್ಕೆ ಸರಿದರೆ ಇದು ಜಿ7; ಆಮೇಲೆ ಒಂಟೆ ದಾರಿ ಬಿಟ್ಟರೆ ಸಾಕು, ಕಾಲಾಳು ರಾಣಿ.

66ರಲ್ಲಿ ಇನ್ನೊಂದು ಬಲೆ. ಒಂಟೆ ಸಿ4ರಿಂದ ಚೆಕ್ ಕೊಟ್ಟಾಗ ಕಪ್ಪಿಗೆ ನಿಯಮಬದ್ಧವಾದ ನಡೆಗಳು ಎರಡೇ ಇದ್ದವು: ಎಚ್8 ಮತ್ತು ಎಫ್8. ಎಫ್8ಕ್ಕೆ ಹೋಗಿದ್ದರೆ 67. ಎಚ್7 ಆಡಿ ಮರುನಡೆಗೆ ರಾಣಿ. ಸ್ಟೇಲ್‌ಮೇಟ್ ಎಂದರೆ ಭಯಪಟ್ಟು ಮೂಲೆಯಿಂದ ಓಡುವ ಎಳೆಯ ಆಟಗಾರರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರಾಜ ಉಸಿರುಕಟ್ಟುವ ಜಾಗದಲ್ಲೇ ಉಳಿಯಬೇಕು ಎಂಬ ಧೈರ್ಯ ಅವರಿಗೆ ತಕ್ಷಣ ಬರುವುದಿಲ್ಲ. ಎರಡು ಪರೀಕ್ಷೆಗಳನ್ನು ಒಡ್ಡುವುದು ಹಿರಿಯರ ಹಕ್ಕು, ಎರಡರಲ್ಲೂ ಪಾಸಾದದ್ದು ಹುಡುಗನ ಹೆಗ್ಗಳಿಕೆ.

ಡ್ರಾ ಆಗುವಂಥ ಸ್ಥಿತಿಯಲ್ಲಿ ಆಡುತ್ತಲೇ ಇರುವುದಕ್ಕೆ ಈಚಿನ ಅತ್ಯಂತ ದೊಡ್ಡ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ ಡ್ರಾ ಕಡೆಗೇ ಸಾಗಿತ್ತು. ಗುಕೇಶ್ ಬಿಡದೆ ಒತ್ತಡ ಹಾಕುತ್ತಾ ಹೋದರು. ಎದುರಾಳಿ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದರು. ಆನೆಗಳು ವಿನಿಮಯವಾದವು; ಎ8ರ ಮೂಲೆಯಲ್ಲಿದ್ದ ಡಿಂಗ್ ಅವರ ಒಂಟೆಗೆ ಡಿ5ರಲ್ಲಿ ಗುಕೇಶ್ ತಮ್ಮ ಒಂಟೆಯನ್ನು ಎದುರು ನಿಲ್ಲಿಸಿದಾಗ ಅದಕ್ಕೂ ವಿನಿಮಯ ತಪ್ಪಲಿಲ್ಲ; ಉಳಿದದ್ದು ಕಾಲಾಳುಗಳ ಆಟ, ಅದು ಗುಕೇಶ್‌ಗೆ ಗೆಲುವು. ಪಂದ್ಯ 7.5–6.5. ಅಂದು ಅವರು ಮರ್ಯಾದೆಗೆಂದು ಕೈಕುಲುಕಿದ್ದರೆ ಏನಾಗುತ್ತಿತ್ತು?

ತೀರ್ಪುಗಾರ ಬರೆದದ್ದು:

ನಾನು ಆ ಪಂದ್ಯಾವಳಿಯಲ್ಲಿ ಇರಲಿಲ್ಲ, ಆದರೆ ನಗರದ ಬೇರೆ ಪಂದ್ಯಾವಳಿಗಳಲ್ಲಿ ತೀರ್ಪುಗಾರನಾಗಿ ಕೆಲಸ ಮಾಡುತ್ತೇನೆ. ನಿಯಮದ ದೃಷ್ಟಿಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ನಿಯಮ 9.1ರ ಪ್ರಕಾರ ತನ್ನ ನಡೆಯನ್ನು ಹಲಗೆಯ ಮೇಲೆ ಆಡಿ, ಗಡಿಯಾರ ಒತ್ತುವ ಮೊದಲು ಡ್ರಾ ಕೇಳಬೇಕು. ಹುಡುಗ ಹಾಗೆಯೇ ಮಾಡಿದ್ದಾನೆ. ಎದುರಾಳಿ ಮಾತಿನಲ್ಲಿ ನಿರಾಕರಿಸಬಹುದು, ಅಥವಾ ಕಾಯಿ ಮುಟ್ಟಿ ಆಟ ಮುಂದುವರಿಸಿದರೆ ಅದೇ ನಿರಾಕರಣೆ. ಅದರಲ್ಲಿ ಅಗೌರವ ಏನೂ ಇಲ್ಲ.

ಎರಡನೆಯದು, ಸಮಯದ ಪ್ರಶ್ನೆ. ಯಾರದೋ ಸಮಯ ಮುಗಿದಾಗ, ಎದುರಾಳಿಗೆ ಯಾವುದೇ ನಿಯಮಬದ್ಧ ನಡೆಗಳ ಸರಣಿಯಿಂದಲೂ ಚೆಕ್‌ಮೇಟ್ ಸಾಧ್ಯವಿಲ್ಲದಿದ್ದರೆ ಮಾತ್ರ ಆಟ ಡ್ರಾ ಆಗುತ್ತದೆ. ಇಲ್ಲಿ ಬಿಳಿಯ ಬಳಿ ಕಾಲಾಳು ಇತ್ತು, ಕಾಲಾಳು ರಾಣಿಯಾಗಬಲ್ಲದು. ಆದ್ದರಿಂದ ಮೂಲೆಯಲ್ಲಿ ಎಷ್ಟೇ ಭದ್ರವಾಗಿ ಕುಳಿತಿದ್ದರೂ ಹುಡುಗನ ಸಮಯ ಮುಗಿದುಹೋಗಿದ್ದರೆ ಅವನು ಸೋಲುತ್ತಿದ್ದ. ಇದೇ ಕಾರಣಕ್ಕೆ ಇಂಥ ಸ್ಥಿತಿಯನ್ನು ನೋಡಿ ತೀರ್ಪುಗಾರ ತಾನಾಗಿಯೇ ಆಟ ನಿಲ್ಲಿಸುವಂತಿಲ್ಲ. ಪುಸ್ತಕದ ಡ್ರಾ ಬೇರೆ, ನಿಯಮದ ಡ್ರಾ ಬೇರೆ.

ಕಪ್ಪುಕುದುರೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕಪ್ಪು ಕಾಯಿ ಆಡಿದವನು ನಾನೇ. ನನ್ನ ಎದುರಾಳಿ ಸರ್ ಬಗ್ಗೆ ಯಾರೂ ಬೇಸರಪಟ್ಟುಕೊಳ್ಳಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಆಟ ಮುಗಿದ ಮೇಲೆ ಅವರೇ ನನ್ನನ್ನು ಹತ್ತಿರದ ದರ್ಶಿನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ, ನಿಂತೇ ಜೇಬಿನ ಚಿಕ್ಕ ಹಲಗೆಯ ಮೇಲೆ ಎಲ್ಲವನ್ನೂ ಮತ್ತೆ ಆಡಿ ತೋರಿಸಿದರು.

ಎಚ್5 ಅವರಿಗೆ ಏಕೆ ಚೆನ್ನಾಗಿ ಕಂಡಿತು ಎಂದು ಅಲ್ಲಿಯೇ ಕೇಳಿದೆ. ಜಿ4ಕ್ಕೆ ರಾಜನ ಕಾವಲು ಇದೆ, ಆದ್ದರಿಂದ ಕುದುರೆಗೆ ಅಲ್ಲಿ ಕೈಹಾಕಲು ಧೈರ್ಯವಿರುವುದಿಲ್ಲ. ಅಷ್ಟರಲ್ಲಿ ಎಚ್6 ಚೆಕ್ ಕೊಟ್ಟು ನನ್ನ ರಾಜನನ್ನು ಹಿಂದಕ್ಕೆ ತಳ್ಳಬಹುದು ಎಂಬುದು ಅವರ ಲೆಕ್ಕ. ಕಾಯಿಗೆ ಕಾಯಿ ತೂಗಿ ನೋಡಿದರೆ ಅದು ಸರಿಯಾದ ಲೆಕ್ಕವೇ: ಕಾಲಾಳಿಗೆ ಕುದುರೆ ಕೊಡುವವರು ಯಾರು?

ನನ್ನ ಕಡೆಯಿಂದ ನೋಡಿದರೆ, ಆನೆಗಳು ಹೋದ ಕ್ಷಣದಿಂದ ನಾನು ಅವರ ಒಂಟೆಯ ಬಣ್ಣವನ್ನೇ ನೋಡುತ್ತಿದ್ದೆ. ಕುದುರೆಯನ್ನು ಉಳಿಸಿಕೊಳ್ಳುವ ಯೋಚನೆ ನನಗಿರಲಿಲ್ಲ. ಅದನ್ನು ಜಿ ಕಾಲಾಳಿಗೆ ಕೊಡುವುದು ಹೇಗೆ ಎಂಬುದೊಂದೇ ಯೋಚನೆ. 60ನೇ ನಡೆಯಲ್ಲಿ ಎಫ್6ಕ್ಕೆ ಬಂದದ್ದು ಅದಕ್ಕಾಗಿಯೇ. ಅವರು ಜಿ5 ಆಡಿದ್ದರೆ ಡಿ5ಕ್ಕೆ ಚೆಕ್ ಕೊಟ್ಟು ಹೊರಬರುವುದೆಂದು ನಿರ್ಧರಿಸಿದ್ದೆ, ಎಚ್5ಕ್ಕಲ್ಲ.

ಗಾಂಧಿಬಜಾರ್ ಓದುಗ ಬರೆದದ್ದು:

ಭಲೇ! ಈ ವಯಸ್ಸಿಗೆ ಇಷ್ಟು ಸ್ಪಷ್ಟವಾದ ಯೋಚನೆ ಅಪರೂಪ. ಇದೇ ತತ್ವ ಗ್ರ್ಯಾಂಡ್‌ಮಾಸ್ಟರ್ ಒಬ್ಬರ ಕೈತಪ್ಪಿದ ಪ್ರಸಂಗವೂ ಇದೆ. 1971ರಲ್ಲಿ ವ್ಯಾಂಕೂವರ್‌ನಲ್ಲಿ ಅಮೆರಿಕದ ಬಾಬಿ ಫಿಷರ್ ಮತ್ತು ಸೋವಿಯತ್ ಒಕ್ಕೂಟದ ಮಾರ್ಕ್ ತೈಮಾನೊವ್ ನಡುವೆ ನಡೆದ ಪಂದ್ಯದ ಎರಡನೇ ಆಟದಲ್ಲಿ ಫಿಷರ್ ಬಳಿ ಉಳಿದದ್ದು ಬಿಳಿ ಮನೆಯ ಒಂಟೆ ಮತ್ತು ಎಚ್ ಸಾಲಿನ ಒಂದು ಕಾಲಾಳು, ಎದುರಿಗೆ ತೈಮಾನೊವ್ ಅವರ ಕುದುರೆ. ನಮ್ಮ ಬಸವನಗುಡಿಯ ಆಟದ ಬಂಧುವೇ ಸರಿ. 81ನೇ ನಡೆಯಲ್ಲಿ ತೈಮಾನೊವ್ ಕುದುರೆಯನ್ನು ಡಿ3ಕ್ಕೆ ಆಡಿದ್ದರೆ, ಮುಂದೆ ಅದನ್ನು ಬಿಟ್ಟುಕೊಟ್ಟಾದರೂ ರಾಜ ಎಚ್8ರ ಮೂಲೆ ಸೇರಿಕೊಳ್ಳುತ್ತಿತ್ತು. ಅವರು ರಾಜನನ್ನು ಇ4ಕ್ಕೆ, ಮೂಲೆಯಿಂದ ದೂರಕ್ಕೆ, ನಡೆಸಿದರು, ಸೋತರು. ಪಂದ್ಯ 6–0. ತೈಮಾನೊವ್ ಪಿಯಾನೊ ವಾದಕರಾಗಿಯೂ ಹೆಸರಾದವರು ಎಂಬುದನ್ನು ಆಟಕ್ಕೆ ಸಂಬಂಧವಿಲ್ಲದಿದ್ದರೂ ಹೇಳದೆ ಇರಲಾರೆ.

ಮೂಲೆಮನೆ ಬರೆದದ್ದು:

ಕಪ್ಪುಕುದುರೆ ಬಂದು ಮಾತನಾಡಿದ್ದು ಸಂತೋಷ. ಈಗ ನನ್ನ ಮೂಲ ಪ್ರಶ್ನೆಗೆ ಮರಳುತ್ತೇನೆ, ಏಕೆಂದರೆ ಎಲ್ಲರೂ 61ರ ಸುತ್ತಲೇ ನಿಂತಿದ್ದೇವೆ. ನನ್ನ ಮಟ್ಟಿಗೆ ಅರ್ಧ ಅಂಕ ಜಾರತೊಡಗಿದ್ದು 52ನೇ ನಡೆಯಲ್ಲಿ.

ಆಗ ಬಿಳಿಯ ಒಂಟೆ ಎಫ್3ರಲ್ಲಿತ್ತು, ಎ4, ಜಿ4, ಎಚ್4ರಲ್ಲಿ ಮೂರು ಕಾಲಾಳುಗಳಿದ್ದವು. ಕಪ್ಪಿನ ಕುದುರೆ ಡಿ6ರಲ್ಲಿ, ಕಾಲಾಳು ಬಿ5ರಲ್ಲಿ, ರಾಜ ಜಿ7ರಲ್ಲಿ. ಹಿರಿಯರು ಎ ಕಾಲಾಳಿನಿಂದ ಬಿ5ನ್ನು ಹೊಡೆದರು, ಕುದುರೆ ತಿರುಗಿ ಹೊಡೆಯಿತು, ಹಲಗೆಯ ಆ ಬದಿ ಖಾಲಿಯಾಯಿತು. ಎರಡು ಕಾಲಾಳು ಹೆಚ್ಚಿದ್ದಾಗ ಹಲಗೆಯನ್ನು ಸರಳಗೊಳಿಸು ಎಂದು ನಮಗೆಲ್ಲ ಕಲಿಸುತ್ತಾರೆ. ಆ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಿದರೆ ಹೀಗಾಗುತ್ತದೆ. ಯಾವ ಕಾಲಾಳು ಹೋಗುತ್ತಿದೆ ಎಂದು ನೋಡಬೇಕಿತ್ತು. ಎ ಸಾಲಿನ ಕಾಲಾಳು ರಾಣಿಯಾಗುವ ಮನೆ ಎ8, ಅದು ಬಿಳಿ ಮನೆ. ಎಫ್3ರಲ್ಲಿದ್ದ ಒಂಟೆ ನೇರವಾಗಿ ಆ ಮೂಲೆಯನ್ನೇ ದಿಟ್ಟಿಸುತ್ತಿತ್ತು. ಅಂದರೆ ತನ್ನ ಒಂಟೆಗೆ ಹೊಂದುವ ಏಕೈಕ ಅಂಚಿನ ಕಾಲಾಳನ್ನು ಕೊಟ್ಟು, ಹೊಂದದ ಮೂಲೆಯ ಕಡೆಗೆ ಆಟವನ್ನು ತಿರುಗಿಸಿಕೊಂಡರು.

52. ಎ5 ಆಡಿದ್ದರೆ ಆ ಕಾಲಾಳು ಮುಕ್ತವಾಗಿ ಓಡತೊಡಗುತ್ತಿತ್ತು. ಕಪ್ಪಿನ ರಾಜ ಹಲಗೆಯ ಇನ್ನೊಂದು ಬದಿಯಲ್ಲಿತ್ತು, ಕುದುರೆಯೊಂದೇ ಅದನ್ನು ತಡೆಯಬೇಕಿತ್ತು. ಕಪ್ಪಿನ ಬಿ ಕಾಲಾಳೂ ಓಡುತ್ತಿತ್ತು ನಿಜ, ಅದನ್ನು ಒಂಟೆ ನೋಡಿಕೊಳ್ಳಬೇಕಾಗುತ್ತಿತ್ತು. ಆದರೂ ಕುದುರೆ ಎ ಸಾಲಿನಲ್ಲಿ ಸಿಕ್ಕಿಕೊಂಡಿದ್ದರೆ ಜಿ4ರ ಮೇಲೆ ಎರಗಲು ಎಫ್6ಕ್ಕೆ ಬರುವುದು ಹೇಗೆ?

ಮಲ್ಲೇಶ್ವರ 8ನೇ ಅಡ್ಡರಸ್ತೆ ಬರೆದದ್ದು:

ಯೋಚನೆ ಇಷ್ಟವಾಯಿತು. ಇದರಲ್ಲಿ ಒಂದು ಸ್ವಾರಸ್ಯವಿದೆ. ಏಳು ಕಾಯಿಗಳವರೆಗಿನ ಎಲ್ಲ ಸ್ಥಿತಿಗಳಿಗೂ ಕಂಪ್ಯೂಟರ್ ಟೇಬಲ್‌ಬೇಸ್‌ನಲ್ಲಿ ಅಂತಿಮ ಉತ್ತರ ಸಿದ್ಧವಿದೆ. ಲಿಚೆಸ್ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 61ರ ಸ್ಥಿತಿಯಲ್ಲಿ ಆರು ಕಾಯಿಗಳಿವೆ, ಆದ್ದರಿಂದ ಅದರ ಬಗ್ಗೆ ವಾದಕ್ಕೆ ಜಾಗವಿಲ್ಲ. 52ರ ಸ್ಥಿತಿಯಲ್ಲಿ ಎಂಟು. ಅಲ್ಲಿ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶ) ತನ್ನ ಅಂದಾಜನ್ನು ಹೇಳೀತು, ತೀರ್ಪನ್ನಲ್ಲ. ನಾವು ಕೂತು ಹಲಗೆಯ ಮೇಲೆ ಕಾಯಿ ಸರಿಸಿಯೇ ಹುಡುಕಬೇಕು.

ಹಳೇ ಆಟಗಾರ ಬರೆದದ್ದು:

66ನೇ ನಡೆಯ ಎಫ್8 ಬಲೆಯನ್ನು ಹಲಗೆ ಹಾಕಿ ನೋಡಿದೆ. ಸೊಗಸಾದ ಬಲೆ. ಆದರೂ ಹಿರಿಯರು 66ರಲ್ಲಿ ನಿಲ್ಲಿಸಬಹುದಿತ್ತು, 67. ಎಚ್7ರಲ್ಲಿ ಯಾವ ಬಲೆಯೂ ಇಲ್ಲ, ರಾಜ ಎಚ್8ಕ್ಕೆ ಬಂದ ಮೇಲೆ ಕೈಚಾಚಿದ್ದರೆ ಅಂದವಾಗಿರುತ್ತಿತ್ತು. ಇಷ್ಟನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ರಾಜಾಜಿನಗರದ ಪೋಷಕಿ ಬರೆದದ್ದು:

ವಿವರಣೆಗಳಿಗೆ ಧನ್ಯವಾದ. ರಾತ್ರಿ ಊಟವಾದ ಮೇಲೆ ಮಗಳು ಈ ಸ್ಥಿತಿಯನ್ನು ಇಟ್ಟು ನನ್ನ ಜೊತೆ ಆಡಿದಳು. ಬಿಳಿ ನನ್ನದು, ಗೆಲ್ಲಲು ಬಿಡಲಿಲ್ಲ. ಕೊನೆಯದಾಗಿ ಒಂದು ಲೌಕಿಕ ಪ್ರಶ್ನೆ: ಇಂಥ ಡ್ರಾದಿಂದ ರೇಟಿಂಗ್‌ನಲ್ಲಿ ಯಾರಿಗೆ ಲಾಭ?

ತೀರ್ಪುಗಾರ ಬರೆದದ್ದು:

ಮೇಡಂ, ರೇಟಿಂಗ್ ಕಡಿಮೆ ಇದ್ದವರಿಗೆ. ಇಬ್ಬರ ನಡುವೆ 200 ರೇಟಿಂಗ್ ಅಂಕಗಳ ಅಂತರವಿದೆ ಎಂದಿಟ್ಟುಕೊಳ್ಳಿ. ಆಗ ಮೇಲಿನವರು ಸರಾಸರಿ 0.76 ಅಂಕ, ಕೆಳಗಿನವರು 0.24 ಅಂಕ ಗಳಿಸುತ್ತಾರೆಂದು ಫಿಡೆ ಕೋಷ್ಟಕ ನಿರೀಕ್ಷಿಸುತ್ತದೆ. ಡ್ರಾ ಆದರೆ ಇಬ್ಬರಿಗೂ 0.5, ಆ 0.26ರ ವ್ಯತ್ಯಾಸವನ್ನು ಆಟಗಾರನ ಗುಣಾಂಕದಿಂದ ಗುಣಿಸಬೇಕು. 2400ಕ್ಕಿಂತ ಕೆಳಗಿನ ವಯಸ್ಕರಿಗೆ ಅದು ಸಾಮಾನ್ಯವಾಗಿ 20, ಆದ್ದರಿಂದ ಮೇಲಿನವರು 5.2 ರೇಟಿಂಗ್ ಅಂಕ ಕಳೆದುಕೊಳ್ಳುತ್ತಾರೆ. 18 ತುಂಬದ, 2300ಕ್ಕಿಂತ ಕೆಳಗಿನ ಆಟಗಾರರಿಗೆ ಗುಣಾಂಕ 40, ಆದ್ದರಿಂದ ಅವರಿಗೆ ಸಿಗುವುದು 10.4.

ಕಪ್ಪುಕುದುರೆ ಬರೆದದ್ದು:

ನಮ್ಮಿಬ್ಬರ ನಡುವೆ ಅಂತರ ಅಷ್ಟಿಲ್ಲ, ಆದ್ದರಿಂದ ನನಗೆ ಸಿಗುವುದೂ ಅದಕ್ಕಿಂತ ಕಡಿಮೆಯೇ. 52. ಎ5 ಬಗ್ಗೆ ಎದುರಾಳಿ ಸರ್‌ಗೆ ಈಗಷ್ಟೇ ಫೋನ್ ಮಾಡಿ ಹೇಳಿದೆ. ಮುಂದಿನ ಭಾನುವಾರ ಆ ಎಂಟು ಕಾಯಿಗಳನ್ನು ಇಟ್ಟುಕೊಂಡು ಇಬ್ಬರೂ ಸರದಿಯಂತೆ ಬಣ್ಣ ಬದಲಿಸುತ್ತಾ ಆಡುವುದೆಂದು ಒಪ್ಪಂದವಾಗಿದೆ, ನಾನು 52. ಎ5, ಬಿ4, 53. ಎ6, ಕುದುರೆ ಬಿ5 ಎಂಬಲ್ಲಿಂದ ನೋಡಿಕೊಂಡು ಹೋಗುತ್ತೇನೆ. ಅಲ್ಲಿ ಎ7 ಆತುರದ ನಡೆ, ಕುದುರೆ ಅದನ್ನು ನುಂಗುತ್ತದೆ. ಒಂಟೆ ಇ2ಕ್ಕೆ ಬಂದು ಕುದುರೆಯ ಮೇಲೆ ಬಿದ್ದರೆ ನನ್ನ ಬಿ ಕಾಲಾಳು ಬಿ3ಕ್ಕೆ ಓಡುತ್ತದೆ, ಒಂಟೆ ಕುದುರೆಯನ್ನು ಹೊಡೆದರೆ ಬಿ2ಕ್ಕೆ. ಆಗ ಒಂಟೆ ಡಿ3ಕ್ಕೆ ಹಿಂತಿರುಗಿ ಬಿ1ನ್ನು ಕಾಯುತ್ತದೆ ಎಂಬುದು ಸರ್ ಅವರ ಉತ್ತರ. ಅದಕ್ಕೆ ನನ್ನ ಬಳಿ ಇನ್ನೂ ಏನೂ ಇಲ್ಲ.